ಹೊಣೆ-ಹಸ್ತಾಂತರ ಸಿದ್ಧಾಂತ: ಒಂದು ಬಹುಶಿಸ್ತೀಯ ಅನುಸಂಧಾನ

ಕೃತಕ ಬುದ್ಧಿಮತ್ತೆಯ ಕಾನೂನಾತ್ಮಕ-ಸಾಮಾಜಿಕ ಸವಾಲುಗಳ ಬಹುಆಯಾಮೀ ಪರಿಪ್ರೇಕ್ಷ್ಯವನ್ನು ಮಂಗಳೂರಿನ ವಿಚಾರ ಸಂಕಿರಣಗಳ ನೆಲೆಯಲ್ಲಿ ಪರಾಮರ್ಶಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಸಂಕಿರಣಕ್ಕೆ ನಾಲ್ಕು ಘಟ್ಟಗಳಿವೆ. ಒಂದು, ಹಿಂಗಾರಪೂರ್ವ: ಮುಖ್ಯ ಅತಿಥಿ ಬರುವವರೆಗೆ ಮೈಕಿಗೆ ‘ಹಲೋ, ಹಲೋ’ ಎನ್ನುವುದು. ಎರಡು, ಹಿಂಗಾರೋತ್ತರ: ಉದ್ಘಾಟನೆಗೆ ಅಡಿಕೆಯ ಹಿಂಗಾರ ಅರಳಿಸಿದ ಗಣ್ಯರು ಕೋಟಿನ ತೋಳಿಗೆ ಅಂಟಿದ ಬಿಳಿ ಹೂಗಳನ್ನು ಕೊಡವಿಕೊಳ್ಳುತ್ತ ‘ತಂತ್ರಜ್ಞಾನ ಎರಡು ಅಲಗಿನ ಕತ್ತಿ’ ಎಂದು ಸಂಶೋಧಿಸುವುದು. ಮೂರು, ಗೋಳಿಬಜೆ. ಅದರ ನಂತರ ಸಭಿಕರು ಉಳಿಯುವುದಿಲ್ಲವಾದ್ದರಿಂದ ನಾಲ್ಕನೆಯದಕ್ಕೆ ಪುರಾವೆ ಲಭ್ಯವಿಲ್ಲ.

ಎರಡನೆಯ ಘಟ್ಟದ ಮೂಲಭೂತ ಪ್ರಶ್ನೆ: ಯಂತ್ರಕ್ಕೆ ಕಾನೂನಾತ್ಮಕ ವ್ಯಕ್ತಿತ್ವ ಇದೆಯೇ? ನಮ್ಮ ಕಾನೂನು ದೇವಸ್ಥಾನದ ದೇವರನ್ನೂ ವ್ಯಕ್ತಿಯೆಂದು ಒಪ್ಪಿದೆ. ದೇವರ ಹೆಸರಲ್ಲಿ ಜಾಗ ಇರಬಹುದು, ದಾವೆಯೂ ನಡೆಯಬಹುದು. ಹಾಗಿದ್ದರೆ ಚಾಟ್‌ಜಿಪಿಟಿಗೆ ಆಡಳಿತ ಮೊಕ್ತೇಸರರು ಯಾರು? ವಿದ್ವಾಂಸರಲ್ಲಿ ಭಿನ್ನಮತವಿದೆ, ಆ ಕುರ್ಚಿಯಲ್ಲಿ ಕುಳಿತುಕೊಳ್ಳುವ ಆಸೆ ಮಾತ್ರ ಎಲ್ಲರಿಗೂ ಇದೆ.

ಇಲ್ಲಿ ನಮ್ಮ ಸಿದ್ಧಾಂತ ಪ್ರವೇಶಿಸುತ್ತದೆ. ಹೊಣೆ ಹುಟ್ಟುವುದಿಲ್ಲ, ಸಾಯುವುದಿಲ್ಲ. ಮೇಜಿನಿಂದ ಮೇಜಿಗೆ ಚಲಿಸುತ್ತದೆ. ನಿದರ್ಶನ (ಅ): 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ನಂಬಿ ಆದೇಶ ಕೊಟ್ಟು, ಕೆಲವೇ ದಿನಗಳಲ್ಲಿ ವಾಪಸು ಪಡೆಯಿತು. ನಿದರ್ಶನ (ಆ): ಸುಪ್ರೀಂ ಕೋರ್ಟ್ ಎಂದೂ ಕೊಡದ ತೀರ್ಪುಗಳು ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಕುಳಿತಿದ್ದನ್ನು 2025ರ ಮಾರ್ಚಿನಲ್ಲಿ ಹೈಕೋರ್ಟ್ ಗಂಭೀರವಾಗಿ ಪರಿಗಣಿಸಿತು. ನಾವು ಕೊಟ್ಟದ್ದಲ್ಲ ಎಂದರು ವಕೀಲರು. ಎಐ ಕೃಪೆಯೇ ಎಂಬ ಅನುಮಾನ ಎದ್ದಿತು. ಸಹಿ ಮಾತ್ರ ಮನುಷ್ಯನದ್ದೇ. ನಿದರ್ಶನ (ಇ)...

ಸಾಕು, ಇ-ಈ ಎಲ್ಲ ಬಿಡಿ. ಸಿವಿಲ್ ನ್ಯಾಯಾಲಯದ ಆ ಆದೇಶವನ್ನು ಪ್ರಶ್ನಿಸಲು ಹೋದದ್ದು ಹಣಕಾಸು ಕಂಪೆನಿ; ಜೊತೆಗೆ ದೊಡ್ಡ ವಕೀಲರು. ಬಂಟ್ವಾಳದ ಕಡೆ ಹತ್ತು ಸೆಂಟ್ಸ್ ಅಡಿಕೆ ತೋಟದ ಗಡಿ ತಕರಾರಿಗೆ ವರ್ಷಗಟ್ಟಲೆ ಕೋರ್ಟು ಮೆಟ್ಟಿಲು ಹತ್ತಿದ ಹೆಂಗಸಿನ ಕೈಗೆ ಇಂಥದೇ ಒಂದು ಇಂಗ್ಲಿಷ್ ಆದೇಶ ಬಂದರೆ? ಅದರಲ್ಲಿ ಹೆಸರಿಸಿದ ತೀರ್ಪು ನಿಜಕ್ಕೂ ಇದೆಯೋ ಎಂದು ಅವರಿಗೆ ಹುಡುಕಿಕೊಡುವವರು ಯಾರು? ಧಾರವಾಡಕ್ಕೆ, ಕಲಬುರಗಿಗೆ ಹೈಕೋರ್ಟ್ ಪೀಠ ಇದೆ; ಮಂಗಳೂರಿಗಿಲ್ಲ. ಹೈಕೋರ್ಟಿನವರೆಗೆ ಹೋಗಬೇಕಾದರೆ ರಾತ್ರಿ ಬಸ್ಸು, ಶಿರಾಡಿ ಘಾಟಿ, ಬೆಂಗಳೂರಲ್ಲಿ ಫೀಸು. ಆದೇಶ ವಾಪಸಾದರೂ ಆ ದುಡ್ಡು ವಾಪಸಾಗುವುದಿಲ್ಲ. ಯಂತ್ರದ ವ್ಯಕ್ತಿತ್ವದ ಬಗ್ಗೆ ಎರಡು ತಾಸು ಮಾತಾಡಿದ ಒಬ್ಬರಾದರೂ ಈ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂದು ಹೇಳಲಿ.