ಮಾನ್ಯ ಇಡ್ಲಿ ಪಾತ್ರೆಯವರಿಗೆ ಅಭಿನಂದನಾ ನುಡಿ

(ಹಲಸೂರಿನ ಒಂದು ಅಡ್ಡರಸ್ತೆ, ರಾಜ್ಯೋತ್ಸವದ ಸಂಜೆ, ಶಾಮಿಯಾನದಡಿ ಸಮಿತಿಯ ಅಧ್ಯಕ್ಷರ ಭಾಷಣ)

ಹಲೋ, ಹಲೋ... ಮೈಕ್ ಟೆಸ್ಟಿಂಗ್... ಹಿಂದಿನವರಿಗೆ ಕೇಳಿಸ್ತಾ ಇದೆಯಾ? ಆರ್ಕೆಸ್ಟ್ರಾ ಹುಡುಗರು ದಯವಿಟ್ಟು ಕೀಬೋರ್ಡಿನಿಂದ ಕೈ ತೆಗೀಬೇಕು. ಸಭೆ ಮುಗಿದ ಮೇಲೆ ರಾತ್ರಿ ಹತ್ತರವರೆಗೂ ನಿಮ್ಮದೇ ರಾಜ್ಯ. ಹತ್ತರ ಮೇಲೆ ಪೊಲೀಸರದು.

ವೇದಿಕೆಯ ಮೇಲಿರುವ ಗಣ್ಯರೇ, ಕುರ್ಚಿ ಸಾಲದೆ ಕೆಳಗೆ ಮುಖ ಊದಿಸಿಕೊಂಡು ಕೂತಿರುವ ಗಣ್ಯರೇ, ಮಹಡಿ ಮೇಲಿಂದಲೇ ಕಾರ್ಯಕ್ರಮ ನೋಡುತ್ತಿರುವ ತಾಯಂದಿರೇ, ರಸ್ತೆ ಬಂದ್ ಮಾಡಿದ್ದಕ್ಕೆ ನಮ್ಮನ್ನು ಶಪಿಸುತ್ತಾ ನಿಂತಿರುವ ಆಟೋ ಚಾಲಕ ಬಂಧುಗಳೇ,

ನಮ್ಮ ಸಮಿತಿ ಪ್ರತಿ ವರ್ಷ ಒಬ್ಬ ಸಾಧಕರನ್ನು ಸನ್ಮಾನಿಸುತ್ತಾ ಬಂದಿದೆ. ಮೇಷ್ಟ್ರಿಗೆ ಮಾಡಿದೆವು, ಪೋಸ್ಟ್‌ಮ್ಯಾನಿಗೆ ಮಾಡಿದೆವು, ಚಂದಾ ಧಾರಾಳವಾಗಿ ಕೊಟ್ಟರು ಅಂತ ಒಬ್ಬ ಬಿಲ್ಡರಿಗೂ ಮಾಡಿದೆವು. ಈ ಸಲ ಸಮಿತಿ ಒಮ್ಮತದಿಂದ, ಅಂದರೆ ಖಜಾಂಚಿಯವರ ವಿರೋಧ ಬಿಟ್ಟು ಮಿಕ್ಕ ಒಮ್ಮತದಿಂದ, ಆರಿಸಿರುವುದು ಇಗೋ, ಈ ಸಿಂಹಾಸನದ ಮೇಲೆ ಮೈಸೂರು ಪೇಟ ತೊಟ್ಟು ಕೂತಿರುವ ಮಾನ್ಯ ಇಡ್ಲಿ ಪಾತ್ರೆಯವರನ್ನು. ಜೋರಾಗಿ ಚಪ್ಪಾಳೆ ಬರಲಿ.

ನಗಬೇಡಿ. ಪರಿಚಯ ಕೇಳಿ, ಆಮೇಲೆ ನಗಿ. ಮಾನ್ಯರದು ಸ್ಟೀಲ್ ಮೈಕಟ್ಟು. ಒಳಗೆ ನಾಲ್ಕು ತಟ್ಟೆ, ತಟ್ಟೆಗೆ ನಾಲ್ಕು ಕುಳಿ, ಒಂದು ಸಲಕ್ಕೆ ಹದಿನಾರು ಇಡ್ಲಿ. ನಡುವೆ ಒಂದು ಕಂಬಿ. ಕಂಬಿಯ ತುದಿಗೆ ಒಂದು ತಿರುಪು ಇರಬೇಕು, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಇಂಥವರು ನಮ್ಮ ಬಜಾರ್ ಬೀದಿಯ ಪಾತ್ರೆ ಅಂಗಡಿಯಲ್ಲಿ ದಾರಕ್ಕೆ ನೇತುಬಿದ್ದು ಗಾಳಿಗೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಇರುತ್ತಾರೆ. ಅಲ್ಲಿದ್ದಷ್ಟು ದಿನ ಇವರ ಕುಲದವರನ್ನು ಕೇಳಿದವರಿಲ್ಲ. ನಾವು ಹೋಗಿ ಬೆರಳ ಗಂಟಿನಿಂದ ಟಣ್ ಅಂತ ಕುಟ್ಟಿ, ತಳ ತೆಳು ಅಂತ ಮೂಗು ಮುರಿದು, ಐವತ್ತು ರೂಪಾಯಿ ಇಳಿಸಿ ತರುತ್ತಿದ್ದೆವು. ಅಂಗಡಿಯ ಅಣ್ಣ ಪುಟ್ಟ ಮಿಷನ್ ಹಿಡಿದು ಟರ್ರ್ ಅಂತ ಚುಕ್ಕಿ ಚುಕ್ಕಿಯಾಗಿ ಮುಚ್ಚಳದ ಅಂಚಿಗೆ ನಮ್ಮ ಹೆಸರು ಕೆತ್ತಿಕೊಡುತ್ತಿದ್ದ. ಅದಕ್ಕೆ ಕಾಸಿಲ್ಲ.

ಹೀಗಿದ್ದ ಮಾನ್ಯರು ಒಂದು ದಿನ ಫೋನಿನೊಳಗೆ ಹೋಗಿ ಕೂತರು. ಅಂಗಡಿಯ ಹೆಸರು ಬೇಡ, ರಾಜ್ಯೋತ್ಸವದ ದಿನ ಯಾರ ಮನಸ್ಸೂ ನೋಯಬಾರದು. ನಮ್ಮ ಎರಡನೇ ಕ್ರಾಸಿನ ಮೇಷ್ಟ್ರ ಸೊಸೆ ಇವರನ್ನು ನೋಡಿದರು, ಮೆಚ್ಚಿದರು, ಕೊಳ್ಳೋಣ ಅಂತ ಒತ್ತಿದರು. ಗುಂಡಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕೆಳಗೆ ಒಂದು ಸಾಲು: ‘ಈ ವಸ್ತು ಸದಸ್ಯರಿಗೆ ಮಾತ್ರ’. ಹಿಟ್ಟು ಉಬ್ಬಿ ಕೂತಿದೆ, ಒಲೆ ಇದೆ, ಬ್ಯಾಂಕಿನಲ್ಲಿ ದುಡ್ಡಿದೆ. ಆದರೆ ಆ ದುಡ್ಡು ಅಲ್ಲಿ ಚಲಾವಣೆ ಆಗಬೇಕಾದರೆ ಮೊದಲು ಬೇರೆ ದುಡ್ಡು ಕೊಡಬೇಕು. ಕೊಟ್ಟರು, ಸದಸ್ಯರಾದರು, ತರಿಸಿಕೊಂಡರು. ಮಹನೀಯರೇ, ಕೊಳ್ಳಲು ಬಂದವರನ್ನು ಅಂಗಡಿಯೇ ನಿಲ್ಲಿಸಿ ‘ನೀವ್ಯಾರು’ ಅಂತ ಕೇಳುವಂತೆ ಮಾಡಿದ ಪಾತ್ರೆ ಇದು. ಇಂಥ ಏಳಿಗೆ ನಮ್ಮ ಬೀದಿಯಲ್ಲಿ ಇನ್ಯಾರಿಗೆ ಆಗಿದೆ?

ಇನ್ನು ಮಾನ್ಯರನ್ನು ಇಷ್ಟೆತ್ತರಕ್ಕೆ ಏರಿಸಿದ ಈ ಸದಸ್ಯತ್ವದ ವಂಶಾವಳಿ. ಮೂಲಪುರುಷ ಹುಟ್ಟಿದ್ದು ಅಮೆರಿಕದಲ್ಲಿ, 2005ರ ಫೆಬ್ರವರಿಯಲ್ಲಿ, ಅಮೆಜಾನ್ ಪ್ರೈಮ್ ಎಂಬ ಹೆಸರಿನಿಂದ. ವರ್ಷಕ್ಕೆ 79 ಡಾಲರ್, ಎರಡು ದಿನದಲ್ಲಿ ಸಾಮಾನು ಮನೆಗೆ. ಅಷ್ಟೇ ಇದ್ದದ್ದು. ಗಾಡಿ ಬಾಡಿಗೆ ಒಟ್ಟಿಗೆ ಕೊಟ್ಟ ಹಾಗೆ, ತಪ್ಪೇನಿಲ್ಲ. 2016ರ ಹೊತ್ತಿಗೆ ಅದೇ ಅಮೆರಿಕದಲ್ಲಿ ಕೆಲವು ವಿಡಿಯೋ ಗೇಮ್‌ಗಳ ಪಕ್ಕ ‘ಸದಸ್ಯರಿಗೆ ಮಾತ್ರ’ ಅಂತ ಬಿತ್ತು. ಅದೇ 2016ರ ಜುಲೈನಲ್ಲಿ ಪ್ರೈಮ್ ಭಾರತಕ್ಕೂ ಬಂತು, ಆರಂಭದ ದರ ವರ್ಷಕ್ಕೆ 499 ರೂಪಾಯಿ. ಆಮೇಲೆ 999. 2021ರ ಡಿಸೆಂಬರಿನಿಂದ 1,499. ನಡುವೆ 2017ರ ಜುಲೈನಲ್ಲಿ ಸದಸ್ಯರಿಗೇ ಮೀಸಲಾದ ಮಾರಾಟದ ಹಬ್ಬ ಶುರುವಾಯಿತು. ನಮ್ಮ ಕೋರಮಂಗಲದ ಕೂಸು ಫ್ಲಿಪ್‌ಕಾರ್ಟ್ 2014ರಲ್ಲೇ 500 ರೂಪಾಯಿಗೆ ‘ಫಸ್ಟ್’ ಅಂತ ಮಾಡಿತ್ತು. 2018ರಲ್ಲಿ ಅದು ‘ಪ್ಲಸ್’ ಆಗಿ ಮತ್ತೆ ಬಂದದ್ದು ಆಗಸ್ಟ್ 15ರಂದು. ಎಲ್ಲರಿಗೂ ಸ್ವಾತಂತ್ರ್ಯ ಬಂದ ದಿನವೇ ಕೆಲವರಿಗೆ ಸ್ವಲ್ಪ ಹೆಚ್ಚಿನ ಸ್ವಾತಂತ್ರ್ಯ! ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ವಿಳಾಸವನ್ನು ಬೇಳೆ ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸಿದ ಬಿಗ್‌ಬಾಸ್ಕೆಟ್ ಕೂಡ ‘ಬಿಬಿ ಸ್ಟಾರ್’ ಅಂತ ಒಂದು ನಕ್ಷತ್ರ ಹುಟ್ಟಿಸಿತು. ಟಿನ್ ಫ್ಯಾಕ್ಟರಿಯ ಜಾಮಿನಲ್ಲಿ ಮಾತ್ರ ಇವತ್ತಿಗೂ ಯಾರಿಗೂ ಸದಸ್ಯತ್ವದ ಲೇನ್ ಇಲ್ಲ. ಅಲ್ಲಿನ ತೂಗುಸೇತುವೆಯ ಕೆಳಗೆ ಬಿಎಂಡಬ್ಲ್ಯುವೂ ತರಕಾರಿ ಟೆಂಪೋವೂ ಸರಿಸಮಾನ. ಇದನ್ನು ಜೋರಾಗಿ ಹೇಳಬಾರದು, ಯಾರಾದರೂ ಕೇಳಿಸಿಕೊಂಡಾರು.

ಅಂತೂ ಮೊದಲು ಗಾಡಿಗೆ ಕಾಸು ಕೇಳಿದರು, ಆಮೇಲೆ ಒಂದು ದಿನ ಮೊದಲೇ ಬಾಗಿಲು ತೆಗೆಯುವುದಕ್ಕೆ ಕೇಳಿದರು, ಕೊನೆಗೆ ಕಪಾಟಿನ ಸಾಮಾನು ಮುಟ್ಟುವುದಕ್ಕೂ ಕೇಳಿದರು.

ಹಾಗಂತ ‘ಸದಸ್ಯರಿಗೆ ಮಾತ್ರ’ ಎಂಬ ಬೋರ್ಡು ನಮ್ಮ ದಂಡು ಪ್ರದೇಶಕ್ಕೆ ಹೊಸದು ಅಂದುಕೊಳ್ಳಬೇಡಿ. ನಾವು ಬೋರ್ಡಿನ ಹೊರಗೆ ನಿಂತೇ ದೊಡ್ಡವರಾದವರು. 1868ರಲ್ಲಿ ಶುರುವಾದ ಯುನೈಟೆಡ್ ಸರ್ವಿಸ್ ಕ್ಲಬ್ಬು, ಈಗಿನ ಬೆಂಗಳೂರು ಕ್ಲಬ್ಬು, ಆಗ ದೊರೆಗಳಿಗೆ ಮಾತ್ರ. ಕಪ್ಪು ಜನಕ್ಕೆ ಒಳಗೆ ಜಾಗವಿಲ್ಲ ಅಂದಾಗ ನಮ್ಮ ವಿಶ್ವೇಶ್ವರಯ್ಯನವರು ಬೇಡಿಕೊಳ್ಳಲಿಲ್ಲ, 1917ರಲ್ಲಿ ಸೆಂಚುರಿ ಕ್ಲಬ್ ಅಂತ ತಮ್ಮದೇ ಕಟ್ಟಿದರು. ಅದೂ ಸದಸ್ಯರಿಗೆ ಮಾತ್ರ, ಅದು ಬೇರೆ ಮಾತು. ಆ ಹಳೇ ಕ್ಲಬ್ಬಿನ ಸದಸ್ಯರಾಗಿದ್ದ ವಿನ್‌ಸ್ಟನ್ ಚರ್ಚಿಲ್ ಎಂಬ ಹುಡುಗ ಅಧಿಕಾರಿ 13 ರೂಪಾಯಿ ಬಾಕಿ ಉಳಿಸಿ ಊರು ಬಿಟ್ಟ. 1899ರ ಲೆಕ್ಕದ ಪುಸ್ತಕದಲ್ಲಿ ಆ ಬಾಕಿ ಇನ್ನೂ ಇದೆ, ಕ್ಲಬ್ಬಿನವರು ಹೆಮ್ಮೆಯಿಂದ ತೋರಿಸುತ್ತಾರೆ. ಈಗಿನ ಕಾಲದಲ್ಲಿ ಚರ್ಚಿಲ್ ಆಟ ನಡೆಯುತ್ತಿರಲಿಲ್ಲ. ಆಟೋಪೇ ಇರುತ್ತಿತ್ತು. ನಡುರಾತ್ರಿ ಟಿಣ್ ಅಂತ ಮೆಸೇಜ್ ಬಂದು 13 ರೂಪಾಯಿ ತಾನಾಗಿ ಕತ್ತರಿಸಿಕೊಂಡು ಹೋಗುತ್ತಿತ್ತು. ಇತಿಹಾಸಕ್ಕೆ ಎಷ್ಟು ನಷ್ಟ ನೋಡಿ.

ಹಲಸೂರು ಕೆರೆಯ ಪಕ್ಕ ಸೇನೆಯ ಎಂ.ಇ.ಜಿ.ಯವರು ಇದ್ದಾರೆ. ಮಿಲಿಟರಿ ಕ್ಯಾಂಟೀನಿನಲ್ಲಿ ಏನು ಬೇಕಾದರೂ ಅಗ್ಗ, ಕಾರ್ಡ್ ಇದ್ದವರಿಗೆ ಮಾತ್ರ. ನಮ್ಮ ಬೀದಿಯ ನಿವೃತ್ತ ಸುಬೇದಾರ್ ಸಾಹೇಬರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಅವರ ಕಾರ್ಡಿನ ಮೇಲೆ ಬರುವ ಬಾಟಲಿಗಳ ಬಗ್ಗೆ ಇಲ್ಲಿ ಕೆಲವರಿಗಿರುವ ಆಸಕ್ತಿ ನನಗೆ ಗೊತ್ತು. ಆದರೆ ಆ ಕಾರ್ಡಿನ ಮೇಲೆ ನಮಗ್ಯಾರಿಗೂ ಸಿಟ್ಟಿಲ್ಲ. ಸಾಹೇಬರು ಹಿಮದಲ್ಲಿ ನಿಂತು ಸಂಪಾದಿಸಿದ ಕಾರ್ಡು ಅದು. ನ್ಯಾಯಬೆಲೆ ಅಂಗಡಿಯ ಕಾರ್ಡೂ ಹಾಗೇ, ಹಸಿವಿನ ಲೆಕ್ಕದ ಮೇಲೆ ಕೊಟ್ಟದ್ದು. ಕ್ಲಬ್ಬಿನವರ ಕಾರ್ಡು ಅಪ್ಪ ತಾತ ಮಾಡಿಟ್ಟದ್ದು, ಇಲ್ಲವಾದರೆ ವರ್ಷಾನುಗಟ್ಟಲೆ ಕಾದು ಪಡೆದದ್ದು. ಅದೂ ಹೋಗಲಿ ಅನ್ನಬಹುದು. ಮೇಷ್ಟ್ರ ಸೊಸೆಯ ಫೋನಿನಲ್ಲಿರುವ ಸದಸ್ಯತ್ವ ಏನನ್ನು ಸಾಬೀತು ಮಾಡುತ್ತದೆ? ಇಂಥ ತಾರೀಖು ಇಷ್ಟು ರೂಪಾಯಿ ಕಟ್ಟಿದ್ದಾರೆ ಅನ್ನುವುದನ್ನು. ದುಡ್ಡು ಕೊಡಲು ಯೋಗ್ಯರು ಅಂತ ದುಡ್ಡು ಕೊಟ್ಟು ಸಾಬೀತು ಮಾಡಿದ್ದಾರೆ. ಸುಬೇದಾರ್ ಸಾಹೇಬರೇ, ನಿಮ್ಮ ಕಾಲದಲ್ಲಿ ಇಂಥ ಯುದ್ಧ ಇರಲಿಲ್ಲ.

ಅತ್ತ ಶಿವಾಜಿನಗರ ನೋಡಿ. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟು. ಕ್ಲಬ್ಬಿಗೆ ಬೋರ್ಡು ಹಾಕಿದ ದೊರೆಗಳ ಕಾಲದಲ್ಲೇ ಕಟ್ಟಿಸಿದ್ದು, ಆದರೂ ಬಾಗಿಲಲ್ಲಿ ಯಾರೂ ಕಾರ್ಡ್ ಕೇಳಿಲ್ಲ. ಉರ್ದುವಿನಲ್ಲಿ ಚೌಕಾಸಿ ಮಾಡಿ, ತಮಿಳಿನಲ್ಲಿ ಬೈಸಿಕೊಂಡು, ಕನ್ನಡದಲ್ಲಿ ಕೊತ್ತಂಬರಿ ಸೊಪ್ಪು ಬಿಟ್ಟಿ ಹಾಕಿಸಿಕೊಂಡು ಬರಬಹುದು. ದಿನಾ ಹೋಗುವವರಿಗೆ ಒಳ್ಳೆ ಮಾವಿನಹಣ್ಣು ಬುಟ್ಟಿಯ ಕೆಳಗಿನಿಂದ ಬರುತ್ತದೆ, ಹೊಸಬರಿಗೆ ಮೇಲಿನಿಂದ. ಅದೂ ಒಂದು ಸದಸ್ಯತ್ವವೇ, ಸುಳ್ಳು ಹೇಳಬಾರದು. ಆದರೆ ಅದು ಮುಖ ನೋಡಿ ಕೊಡುವುದು. ಒಂದು ತಿಂಗಳು ಹೋಗದೆ ಇದ್ದರೆ ‘ಎಲ್ಲಿ ಅಮ್ಮಾ, ಮೈ ಹುಷಾರಿಲ್ಲವಾ’ ಅಂತ ಕೇಳುತ್ತಾರೆಯೇ ಹೊರತು ನವೀಕರಣ ಶುಲ್ಕ ಕೇಳುವುದಿಲ್ಲ.

ಇನ್ನು ಸದಸ್ಯತ್ವ ಬಿಡುವ ವಿಷಯ. ಸೇರುವುದು ಒಂದು ಬೆರಳಿನ ಕೆಲಸ, ಬಿಡುವುದು ಮಹಾಕಾವ್ಯ. ಇದು ನನ್ನ ಮಾತಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಹೂಡಿದ ದಾವೆಯಲ್ಲಿದೆ: ಪ್ರೈಮ್ ಸದಸ್ಯತ್ವ ರದ್ದು ಮಾಡುವ ದಾರಿಗೆ ಅಮೆಜಾನಿನ ಒಳಗಿನವರೇ ‘ಇಲಿಯಡ್’ ಅಂತ ಹೆಸರಿಟ್ಟಿದ್ದರಂತೆ, ಹೋಮರನ ಆ ಮುಗಿಯದ ಯುದ್ಧದ ಕಾವ್ಯದ ಹೆಸರು. ನಮ್ಮ ಕುರುಕ್ಷೇತ್ರವಾದರೂ ಹದಿನೆಂಟು ದಿನದಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಕಂಪನಿ 250 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ನಮ್ಮ ಕೇಂದ್ರ ಸರ್ಕಾರವೂ 2023ರ ನವೆಂಬರ್ 30ರಂದು ಇಂಥ 13 ಬಗೆಯ ಆನ್‌ಲೈನ್ ಕುತಂತ್ರಗಳ ಪಟ್ಟಿ ಹೊರಡಿಸಿದೆ. ಚಂದಾದಾರರನ್ನು ಬಲೆಗೆ ಕೆಡವುವುದು, ಕೇಳದ ಸಾಮಾನನ್ನು ಬುಟ್ಟಿಗೆ ತುರುಕುವುದು, ಬೇಡ ಅಂದವರನ್ನು ನಾಚಿಸುವುದು. ಪಟ್ಟಿ ಓದಿದಾಗ ನಮ್ಮ ಖಜಾಂಚಿಯವರು ಸ್ವಲ್ಪ ಬೆವರಿದರು. ನಮ್ಮ ಗಣೇಶನ ಚಂದಾ ವಸೂಲಿಯಲ್ಲಿ ಇದರ ಅರ್ಧ ಆಗಲೇ ಇದೆ. ಕಡಿಮೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಎರಡು ಸಲ ಹೇಳುವ ಪದ್ಧತಿ ಯಾವ ಬಗೆಗೆ ಸೇರುತ್ತದೋ, ವಕೀಲರನ್ನು ಕೇಳಬೇಕು.

ಇಂದಿರಾನಗರದ ಹಂಡ್ರೆಡ್ ಫೀಟ್ ರಸ್ತೆಯಿಂದ ಬಂದಿರುವ ಅತಿಥಿಗಳು ಗಡಿಯಾರ ನೋಡುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ಅವರಿಗೆ ನಾಲ್ಕು ಆ್ಯಪುಗಳ ಸದಸ್ಯತ್ವ ಇದೆಯಂತೆ, ಹಾಲಿಗೊಂದು, ಊಟಕ್ಕೊಂದು, ದಿನಸಿಗೊಂದು, ಮಿಕ್ಕಿದ್ದಕ್ಕೊಂದು. ಇದೆಲ್ಲವನ್ನೂ ಮಳೆಯಲ್ಲಿ ನೆನೆದುಕೊಂಡು ಮೂರನೇ ಮಹಡಿಗೆ ಹೊತ್ತು ತರುವ ಹುಡುಗ ಯಾವುದರ ಸದಸ್ಯ ಅಂತ ಕೇಳಿದೆ. ಲಿಫ್ಟು ನಿವಾಸಿಗಳಿಗೆ ಮಾತ್ರ ಅಂತ ಅವರ ಅಪಾರ್ಟ್‌ಮೆಂಟಿನಲ್ಲಿ ಬೋರ್ಡಿದೆಯಂತೆ.

ಈಗ ಸನ್ಮಾನ. ಶಾಲು ತನ್ನಿ. ಗಂಧದ ಹಾರ. ಹಣ್ಣಿನ ಬುಟ್ಟಿ. ಹುಷಾರು, ಮಾನ್ಯರು ಅಲುಗಾಡುತ್ತಿದ್ದಾರೆ. ತಿರುಪಿನ ವಿಷಯ ಹೇಳಿದೆನಲ್ಲ? ಡಬ್ಬ ಬಿಚ್ಚಿದಾಗ ಕಂಬಿಯ ತುದಿಯ ತಿರುಪು ಇರಲಿಲ್ಲ. ತಟ್ಟೆಗಳನ್ನು ಹಿಡಿದೆತ್ತಿದರೆ ನಾಲ್ಕೂ ನಾಲ್ಕು ದಿಕ್ಕಿಗೆ. ಮೇಷ್ಟ್ರ ಸೊಸೆ ದೂರು ಕೊಟ್ಟರು. ತಿರುಪು ಒಂದನ್ನೇ ಕಳಿಸುವ ಏರ್ಪಾಡು ಇಲ್ಲವಂತೆ, ಇಡೀ ಪಾತ್ರೆ ವಾಪಸ್ ಕಳಿಸಬೇಕಂತೆ. ವಾಪಸ್ ಕಳಿಸಲು ಸದಸ್ಯತ್ವ ಬೇಡವಂತೆ, ಅದೊಂದು ಉಪಕಾರ. ಮುಚ್ಚಳದ ಮೇಲೆ ಹೆಸರು ಕೆತ್ತಿಸಿರಲಿಲ್ಲ, ಆದ್ದರಿಂದ ವಾಪಸ್ ಹೋಗಲು ಮಾನ್ಯರಿಗೂ ಅಡ್ಡಿಯಿಲ್ಲ.

ಯಾರಪ್ಪಾ ಅದು, ವೇದಿಕೆ ಪಕ್ಕ ಹೆಲ್ಮೆಟ್ ಹಾಕಿಕೊಂಡು ನಿಂತಿರುವವರು? ಪಿಕಪ್ಪಿಗೆ ಬಂದಿದ್ದೀರಾ? ಎಂಟು ಗಂಟೆ ಅಂತ ಹೇಳಿದ್ದರಲ್ಲ, ಇನ್ನೂ ಏಳೂವರೆ. ಇರಲಿ, ಬನ್ನಿ ಮೇಲೆ. ಒಂದು ಫೋಟೋ ಆಗಿಬಿಡಲಿ. ಪೇಟ ಅವರ ಜೊತೆ ಕಳಿಸಬೇಡ್ರೋ, ಅದು ಬಾಡಿಗೆದು. ಶಾಲೂ ಬಿಚ್ಚಿಕೊಳ್ಳಿ. ಬಾಳೆಹಣ್ಣು ಒಳಗೇ ಉಳೀತೇನೋ ನೋಡಿ, ಆಮೇಲೆ ಬಳಸಿದ ಪಾತ್ರೆ ಅಂತ ದುಡ್ಡು ಹಿಡೀತಾರೆ. ಡಬ್ಬ ಎಲ್ಲಿ? ಡಬ್ಬ ಬೇಕೇ ಬೇಕಂತೆ. ಮೇಷ್ಟ್ರ ಸೊಸೆ ಎಲ್ಲಿದ್ದೀರಮ್ಮಾ, ಫೋನು ನೋಡಿ, ಓಟಿಪಿ ಬಂದಿರಬೇಕು, ಮೈಕಿನಲ್ಲಿ ಹೇಳಬೇಡಿ, ಹತ್ತಿರ ಬಂದು ಹೇಳಿ. ಬರಲಿಲ್ಲವಾ? ನೆಟ್‌ವರ್ಕ್ ಇಲ್ಲವಾ? ಆರ್ಕೆಸ್ಟ್ರಾದವರೇ, ಅಷ್ಟರಲ್ಲಿ ಒಂದು ಹಾಡು ಶುರುಮಾಡಿ.