ಹೆಗಲ ಮೇಲಿನ ಧಾರಾವಾಹಿ

ಸ್ಮಶಾನದಲ್ಲಿ ಬಿದ್ದ ಅನ್ಯರ ಶವವನ್ನು ಹೊಕ್ಕು, ಬಾಡಿಗೆಯ ಮಾತೆತ್ತದೆ ಅಲ್ಲೇ ಬಿಡಾರ ಹೂಡುವ ಪಿಶಾಚಿಯನ್ನು ಬೇತಾಳವೆನ್ನುತ್ತಾರೆ; ಅಂಥದೊಂದರ ಮಾತು ಕೇಳಲು ತಿಂಗಳು ತಿಂಗಳೂ ಕಾಸು ಕೊಟ್ಟು ಕಾದಿದ್ದ ಅಭಿಮಾನಿವರ್ಗವೊಂದು ಕನ್ನಡದಲ್ಲಿ ಹಲವು ದಶಕ ಬಾಳಿತು. 1947ರ ಜುಲೈಯಲ್ಲಿ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಮದರಾಸಿನಿಂದ ತೆಲುಗು, ತಮಿಳುಗಳಲ್ಲಿ ಹೊರಡಿಸಿ ಮರುವರ್ಷ ಕನ್ನಡಕ್ಕೂ ತಂದ, ಈ ಬೇತಾಳದ ಕಥೆಗಳು ಅಚ್ಚಾಗುತ್ತಿದ್ದ 'ಚಂದಮಾಮ' ಹೆಸರಿಗೆ ಮಕ್ಕಳ ಪತ್ರಿಕೆಯಾಗಿತ್ತಾದರೂ, 'ಮಕ್ಕಳು ಹೆದರಿಯಾರು' ಎಂಬ ನೆಪದಲ್ಲಿ ಸಂಚಿಕೆಯನ್ನು ಮೊದಲು ತಾವೇ ಓದಿ ಪರಿಶೀಲಿಸುತ್ತಿದ್ದ ಹಿರಿಯರನ್ನು ಈ ವರ್ಗದಿಂದ ಹೊರಗಿಡುವುದು ನ್ಯಾಯವಲ್ಲ.

ಹನ್ನೊಂದನೆಯ ಶತಮಾನದ ಕಾಶ್ಮೀರಿ ಕವಿ ಸೋಮದೇವನ 'ಕಥಾಸರಿತ್ಸಾಗರ'ದಲ್ಲಿ ಬರುವಂತೆ, ಭಿಕ್ಷುವೊಬ್ಬನಿಗೆ ಮಾತು ಕೊಟ್ಟ ರಾಜನು ಮರದಲ್ಲಿ ನೇತಾಡುವ ಶವವನ್ನು ಮೌನವಾಗಿ ಹೊತ್ತು ತರಬೇಕು. ಶವದೊಳಗಿನ ಬೇತಾಳ ದಾರಿಯಲ್ಲಿ ಕಥೆ ಹೇಳಿ ಪ್ರಶ್ನೆ ಹಾಕುತ್ತದೆ. ಉತ್ತರ ತಿಳಿದೂ ಸುಮ್ಮನಿದ್ದರೆ ರಾಜನ ತಲೆ ಸಿಡಿಯುತ್ತದೆ, ಬಾಯಿ ಬಿಟ್ಟರೆ ಮೌನ ಮುರಿದು ಶವ ಮರಳಿ ಮರ ಸೇರುತ್ತದೆ. ಹಲವು ಕಥೆಗಳನ್ನು ಒಡಲಲ್ಲಿಟ್ಟುಕೊಂಡ ಇಂಥ ಹೊರಕಥೆಯನ್ನು ವಿದ್ವಾಂಸರು ಚೌಕಟ್ಟು ಕಥೆಯೆಂದು ಕರೆದರೆ, ತಿಂಗಳಿಗೊಮ್ಮೆ ಪುಟ ತುಂಬಿಸಬೇಕಾದ ಸಂಪಾದಕರು ಕಾಮಧೇನುವೆಂದೇ ಕರೆದಾರು. ಮೂಲದ ಕಥೆಗಳು ಇಪ್ಪತ್ತೈದೇ ಆಗಿದ್ದರೂ, ಪತ್ರಿಕೆಯು ಹೊಸ ಹೊಸ ಕಥೆಗಳನ್ನು ಅದೇ ಚೌಕಟ್ಟಿಗೆ ಸೇರಿಸುತ್ತ ಹೋದುದರಿಂದ, ರಾಜನು ಮರಕ್ಕೂ ನಡುದಾರಿಗೂ ನಡುವೆ ದಶಕಗಟ್ಟಲೆ ಅಲೆಯಬೇಕಾಯಿತು; 1998ರಲ್ಲಿ ಪ್ರಕಟಣೆ ನಿಂತು ಮರುವರ್ಷ ಮುಂದುವರಿದಾಗಲಂತೂ ಅಷ್ಟೂ ಕಾಲ ಆತ ಹೆಣ ಇಳಿಸದೆ ನಿಂತಿದ್ದನೆಂದೇ ತಿಳಿಯಬೇಕು. ಪಹಣಿ ತಿದ್ದುಪಡಿಗೆಂದು ಕಚೇರಿಗೆ ಎಡತಾಕುವವರನ್ನು 'ಛಲ ಬಿಡದ ತ್ರಿವಿಕ್ರಮ' ಎನ್ನುವ ರೂಢಿಯಲ್ಲಿ ಇರುವುದು ಈತನ ಹೆಸರೇ.

1952ರಲ್ಲಿ ಪತ್ರಿಕೆ ಸೇರಿದ ಚಿತ್ರಕಾರ ಶಂಕರ್, ಅಂದರೆ ಕೆ. ಸಿ. ಶಿವಶಂಕರನ್, 2020ರಲ್ಲಿ ತೀರಿಕೊಳ್ಳುವವರೆಗೂ ಓದುಗರ ಪಾಲಿಗೆ ಮುಖ್ಯವಾಗಿ ಒಂದೇ ಚಿತ್ರದ ಕರ್ತೃ: ಕೈಯಲ್ಲಿ ಕತ್ತಿ, ಹೆಗಲ ಮೇಲೆ ಶವ, ಸುತ್ತ ಕತ್ತಲೆ. ಆ ಚಿತ್ರವನ್ನು ನೋಡಿಯೂ ದೀಪವಾರಿಸಿ ಮಲಗಬಲ್ಲವರು ಅಭಿಮಾನಿಗಳಲ್ಲ, ಕೇವಲ ಚಂದಾದಾರರು. ನಿಜವಾದ ಅಭಿಮಾನಿಯು ಪ್ರಶ್ನೆ ಬಂದೊಡನೆ ಕೆಳಗಿನ ಉತ್ತರವನ್ನು ಅಂಗೈಯಲ್ಲಿ ಮುಚ್ಚಿಕೊಂಡು ತಾನೇ ತೀರ್ಪು ಕೊಡುತ್ತಿದ್ದನು. ರಾಜನ ತೀರ್ಪು ಬೇರೆಯಾಗಿದ್ದರೆ ತಪ್ಪು ರಾಜನದೆಂದು ನಿರ್ಧರಿಸುತ್ತಿದ್ದನು. ಎರವಲು ಬಂದ ಸಂಚಿಕೆಯಲ್ಲಿ ಪ್ರಶ್ನೆ ಉಳಿದು ಉತ್ತರದ ಹಾಳೆ ಹರಿದಿದ್ದರೆ, ತಲೆ ಸಿಡಿಯುವ ಶಾಪ ಓದುಗನಿಗೂ ಅನ್ವಯಿಸುತ್ತಿತ್ತು.

ಓದುಗರನ್ನು ಬಿಟ್ಟು ಊರಿನ ಮಾತಿಗೆ ಬಂದರೆ, ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ ಇಂಥ ಕಥೆಗೆ ಎರಡು ಬಗೆಯಲ್ಲಿ ಒದಗಿಬಂದ ಊರು. ಈ ಸೀಮೆಯ ಮುಖ್ಯ ಬೆಳೆಯಾದ ವರ್ಜೀನಿಯಾ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ, ಎಂದರೆ ಬಿಸಿಗಾಳಿ ಹಾಯಿಸಿ ಎಲೆ ಹದಮಾಡುವ ಎತ್ತರದ ಕಟ್ಟಡದಲ್ಲಿ, ದಿನಗಟ್ಟಲೆ ಬೇಯಿಸುವಾಗ ಬೆಂಕಿ ಕಾಯಲು ರಾತ್ರಿಯಿಡೀ ಯಾರಾದರೂ ಎಚ್ಚರವಿರಲೇಬೇಕು. ನಿದ್ದೆಗೆಡಿಸುವುದರಲ್ಲಿ ಬೇತಾಳಕ್ಕಿಂತ ನಂಬಿಕಸ್ಥ ಸಂಗಾತಿ ಆ ಹೊತ್ತಿನಲ್ಲಿ ಸಿಕ್ಕುವುದು ಕಷ್ಟ. ಎರಡನೆಯದು ಇನ್ನೂ ಸ್ವಾರಸ್ಯಕರ. ಕೊಪ್ಪದ ಮಗ್ಗುಲಿನ ಬೈಲಕುಪ್ಪೆಯಲ್ಲಿ 1961ರಿಂದ ನೆಲೆಸಿರುವ ಟಿಬೆಟನ್ನರ ಪರಂಪರೆಯಲ್ಲಿ ಇದೇ ಬೇತಾಳ 'ರೋ ದ್ರುಂಗ್', ಅಂದರೆ ಶವದ ಕಥೆಗಳು, ಎಂಬ ಹೆಸರಿನಲ್ಲಿದೆ. ಭಾರತದಿಂದ ಹಿಮಾಲಯ ದಾಟಿ ಹೋಗಿ, ಅಲ್ಲಿಂದ ಮಂಗೋಲಿಯಾಕ್ಕೂ ಹಬ್ಬಿದ ಈ ಕಥಾಮಾಲೆ ನಿರಾಶ್ರಿತರ ನೆನಪಿನೊಡನೆ ಕಾವೇರಿಯ ದಡಕ್ಕೆ ಬಂದಿತೆಂದರೆ, ಮರಕ್ಕೆ ಮರಳುವ ತನ್ನ ಹಳೆಯ ಚಾಳಿಯನ್ನು ಬೇತಾಳ ಇತಿಹಾಸದಲ್ಲೂ ಬಿಟ್ಟಿಲ್ಲವೆಂದಾಯಿತು.

ಟಿಬೆಟನ್ ರೂಪದಲ್ಲಿ ಹೊರುವವನು ರಾಜನಲ್ಲ, ಆಚಾರ್ಯ ನಾಗಾರ್ಜುನನು ಕಳುಹಿಸಿದ ಹುಡುಗ. ಹೆಗಲಿಗೆ ಚೀಲ, ಕೈಗೆ ಕೊಡಲಿ. ಅಲ್ಲಿನ ಶವ ಪ್ರಶ್ನೆ ಹಾಕುವುದೂ ಇಲ್ಲ, ತಲೆ ಸಿಡಿಯುವ ಬೆದರಿಕೆ ಒಡ್ಡುವುದೂ ಇಲ್ಲ. ಸುಮ್ಮನೆ ಕಥೆ ಹೇಳುತ್ತದೆ, ಹುಡುಗ ಮೈಮರೆತು ಉದ್ಗಾರ ತೆಗೆಯುತ್ತಾನೆ, ಶವ ಹಾರಿಹೋಗುತ್ತದೆ. ರಾಜನನ್ನು ಸೋಲಿಸುವುದು ಜಾಣತನ, ಹುಡುಗನನ್ನು ಸೋಲಿಸುವುದು ಕುತೂಹಲ. ಧಾರಾವಾಹಿಯ ಅಭಿಮಾನಿಗಳು ತಮ್ಮನ್ನು ರಾಜನಿಗೆ ಹೋಲಿಸಿಕೊಳ್ಳುವುದುಂಟಾದರೂ, ಅವರ ನಿಜವಾದ ಕುಲಪುರುಷ ಈ ಹುಡುಗನೇ. ಮೂಲದಲ್ಲಿ ರಾಜನು ಕೊನೆಗೊಮ್ಮೆ ಉತ್ತರ ತೋಚದೆ ಸುಮ್ಮನಾಗಿ, ಮೆಚ್ಚಿದ ಬೇತಾಳದಿಂದಲೇ, ತನ್ನನ್ನು ಬಲಿಕೊಡಲು ಹೊಂಚಿದ್ದ ಭಿಕ್ಷುವಿನ ಗುಟ್ಟನ್ನು ಅರಿತು ಬದುಕುತ್ತಾನೆ; ಆದರೆ ಆ ಗುಟ್ಟು ಬಯಲಾಗುವ ಸಂಚಿಕೆ ಬೇಗ ಬರಲೆಂದು ಹಾರೈಸಿದ ಓದುಗರು ಇದ್ದಿರಲಾರರು.

2013ರ ಹೊತ್ತಿಗೆ ಪತ್ರಿಕೆ ನಿಂತುಹೋಯಿತು. ಅಟ್ಟದಲ್ಲಿ ಹಳೆಯ 'ಚಂದಮಾಮ'ದ ಕಟ್ಟುಗಳಿರುವವರು ಅವನ್ನು ರದ್ದಿಗೆ ಹಾಕದಿರಲಿ. ಹಾಕಲೇಬೇಕೆಂದಿದ್ದರೆ, ಕಡೇಪಕ್ಷ ಉತ್ತರದ ಹಾಳೆಗಳು ಹರಿದಿಲ್ಲವೆಂದು ನೋಡಿ ಹಾಕಲಿ.