ಅರ್ಧ ಕೆರೆತ ಸಿದ್ಧಾಂತ: ಬೋರ್‌ವೆಲ್ ಸೀಮೆಗೊಂದು ಮೋಟರ್ ಮೀಮಾಂಸೆ

ಕರೆಂಟು ಹೋಗುವುದರೊಳಗೆ ಮುಗಿಸಬೇಕಾದ ಗ್ರಂಥವಾದ್ದರಿಂದ ಮಂಗಳಾಚರಣೆಯನ್ನು ಕೈಬಿಡಲಾಗಿದೆ.

1821ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ ಪಾದರಸದ ಬಟ್ಟಲಿಗೆ ತಂತಿಯೊಂದನ್ನು ಇಳಿಬಿಟ್ಟು, ಅದು ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿದನೆಂದು ಪಾಶ್ಚಾತ್ಯ ವಿದ್ವಾಂಸರು ಬರೆದಿದ್ದಾರೆ. ಇರಲಿ. ಊರ ನಡುವೆಯೇ ಥೇಮ್ಸ್ ನದಿ ಹರಿಯುತ್ತಿದ್ದವನಿಗೆ ಮೋಟರಿನ ದರ್ದು ಏನಿತ್ತು ಎಂಬುದಕ್ಕೆ ಮಾತ್ರ ಅವರಲ್ಲಿ ಉತ್ತರವಿಲ್ಲ. ಅಸ್ಥಾನದಲ್ಲಿ ಹುಟ್ಟಿದ ಮೋಟರು ತನ್ನ ಕರ್ಮಭೂಮಿಯನ್ನು ಅರಸುತ್ತಾ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಿತು. ನಮ್ಮ ಚಿಕ್ಕಬಳ್ಳಾಪುರ ಸೀಮೆ ಆಗ ಕೋಲಾರ ಜಿಲ್ಲೆಯಲ್ಲೇ ಇತ್ತು. ಗಣಿ ಮುಚ್ಚಿತು, 2007ರಲ್ಲಿ ಜಿಲ್ಲೆ ಎರಡಾಯಿತು, ಭೂಮಿ ತೋಡುವ ಚಟ ಮಾತ್ರ ಎರಡೂ ಕಡೆ ಉಳಿಯಿತು. ಚಿನ್ನ ಹೋಗಿ ನೀರು ಬಂತು ಅನ್ನೋಣವೆಂದರೆ ಅದೂ ಬರಲಿಲ್ಲ.

ಇನ್ನು ನಿರ್ಮಾಣ ಕಾಂಡ. ಬೇಕಾದದ್ದು ಒಂದು ದಪ್ಪ ಟಾರ್ಚ್ ಸೆಲ್ಲು, ಎರಡು ಸೇಫ್ಟಿ ಪಿನ್, ಒಂದು ರಬ್ಬರ್ ಬ್ಯಾಂಡು, ಹಾಳಾದ ಸ್ಪೀಕರಿನ ಅಯಸ್ಕಾಂತ, ಎನಾಮಲ್ ತಂತಿ ನಾಲ್ಕು ಮೊಳ. ತಂತಿಯನ್ನು ವೈಂಡಿಂಗ್ ಅಂಗಡಿಯಲ್ಲಿ ಕೇಳಿ ಪಡೆಯಬೇಕು. ಅಲ್ಲಿ ಸುಟ್ಟ ಮೋಟರಿನಿಂದ ಕಿತ್ತ ತಂತಿ ರಾಶಿ ಬಿದ್ದಿರುತ್ತದೆ, ಅದಕ್ಕೆ ಆಸೆಪಡಬಾರದು. ಅದರ ಎನಾಮಲ್ ಬೆಂದುಹೋಗಿರುತ್ತದೆ. ಸುತ್ತಿಗೆ ಸುತ್ತು ತಾಗಿದರೆ ಕರೆಂಟು ಸುರುಳಿ ಸುತ್ತುವ ಶ್ರಮ ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ಹೊಸ ತಂತಿಯ ತುಂಡನ್ನೇ ಸೆಲ್ಲಿನ ಮೈಗೆ ಹತ್ತು ಹದಿನೈದು ಸುತ್ತು ಸುತ್ತಿ ಜಾರಿಸಿ ತೆಗೆದು, ಎರಡು ತುದಿಗಳನ್ನು ಎದುರುಬದುರು ನೇರವಾಗಿ ಚಾಚಬೇಕು. ಈ ಭಾಗದಲ್ಲಿ ಶಿಡ್ಲಘಟ್ಟದ ರೀಲರುಗಳೇ ಪ್ರಮಾಣ ಪುರುಷರು. ಒಂದೊಂದು ರೇಷ್ಮೆಗೂಡಿನಿಂದ ನೂರಾರು ಮೀಟರ್ ಎಳೆ ಬಿಚ್ಚಿ ಸುತ್ತುವವರಿಗೆ ನಾಲ್ಕು ಮೊಳ ತಾಮ್ರ ಯಾವ ಲೆಕ್ಕ?

ಪಿನ್ನುಗಳನ್ನು ಸೆಲ್ಲಿನ ಎರಡು ತಲೆಗಳಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ಅವುಗಳ ಕಣ್ಣಿನಲ್ಲಿ ಸುರುಳಿಯ ತುದಿಗಳನ್ನು ಕೂರಿಸಿ, ಕೆಳಗೆ ಸೆಲ್ಲಿನ ಬೆನ್ನ ಮೇಲೆ ಅಯಸ್ಕಾಂತ ಇಡುವುದು. ಇಲ್ಲಿಯವರೆಗೆ ವಿದ್ವಾಂಸರಲ್ಲಿ ಭೇದವಿಲ್ಲ. ತುದಿಗಳ ಎನಾಮಲ್ ಎಷ್ಟು ಕೆರೆಯಬೇಕು ಎಂಬಲ್ಲಿ ಜಗಳ ಶುರು.

ಪೂರ್ಣವಾದಿಗಳ ಪೂರ್ವಪಕ್ಷ ಹೀಗಿದೆ: ಕೆಲಸವೆಂದರೆ ಪೂರ್ತಿ ಮಾಡಬೇಕು, ಎರಡು ತುದಿಗಳನ್ನೂ ಸುತ್ತಲೂ ಕೆರೆಯಬೇಕು. ಹಾಗೆ ಮಾಡಿ ನೋಡಿದರೆ ಸುರುಳಿ ಅತ್ತ ಒಮ್ಮೆ ಇತ್ತ ಒಮ್ಮೆ ತೂಗಾಡಿ ನಿಲ್ಲುತ್ತದೆ. ತೆಂಗಿನಕಾಯಿ ಪಂಥದವರು, ಅಂದರೆ ಅಂಗೈ ಮೇಲಿನ ಕಾಯಿ ಎದ್ದು ನಿಂತಲ್ಲಿ ಬೋರು ಕೊರೆಸುವವರು, ಇದು ಜಾಗದ ದೋಷ ಎನ್ನುತ್ತಾರೆ. ಆದರೆ ನಮ್ಮ ಸೀಮೆಯ ಗೌರಿಬಿದನೂರು ಪವಾಡಗಳ ಪರೀಕ್ಷೆಗೇ ಸಮಿತಿ ಮಾಡಿದ ಭೌತಶಾಸ್ತ್ರಜ್ಞ ಎಚ್. ನರಸಿಂಹಯ್ಯನವರ ತಾಲ್ಲೂಕು; ಅಲ್ಲಿ ಈ ವಾದ ನಡೆಯುವುದಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ ಒಯ್ದರೂ ಸುರುಳಿ ತೂಗಾಡುತ್ತಲೇ ಇರುತ್ತದೆ.

ಸಿದ್ಧಾಂತ: ಒಂದು ತುದಿಯನ್ನು ಸುತ್ತಲೂ ಕೆರೆ, ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದು, ಇನ್ನೊಂದು ತುದಿಯ ಮೇಲ್ಭಾಗವನ್ನಷ್ಟೇ ಕೆರೆ. ಕೆಳಗಿನ ಅರ್ಧವನ್ನು ಮುಟ್ಟಬೇಡ. ಕಾರಣ ಸರಳ. ಅಯಸ್ಕಾಂತದ ಬಳಿ ಕರೆಂಟು ಹರಿಯುವ ತಂತಿಗೆ ಒಂದು ನೂಕು ಸಿಗುತ್ತದೆ. ಸುರುಳಿಯ ಮೇಲಂಚು ಕೆಳಂಚುಗಳಲ್ಲಿ ಕರೆಂಟು ವಿರುದ್ಧ ದಿಕ್ಕಿಗೆ ಹರಿಯುವುದರಿಂದ ಒಂದಕ್ಕೆ ಆ ಕಡೆ, ಇನ್ನೊಂದಕ್ಕೆ ಈ ಕಡೆ ನೂಕು, ಸುರುಳಿ ಉರುಳುತ್ತದೆ. ಅರ್ಧ ಸುತ್ತು ಆದ ಮೇಲೆ ಅದೇ ನೂಕು ಅದನ್ನು ವಾಪಸು ತಳ್ಳುತ್ತದೆ. ಸರಿಯಾಗಿ ಆ ಹೊತ್ತಿಗೆ ಕೆರೆಯದ ಎನಾಮಲ್ ಪಿನ್ನಿಗೆ ತಾಗಿ ಕರೆಂಟು ಕಡಿಯುತ್ತದೆ. ಸುರುಳಿ ಹಳೆಯ ವೇಗದಲ್ಲೇ ಉಳಿದರ್ಧ ದಾಟುತ್ತದೆ. ಬೆರಳಿನಿಂದ ಒಮ್ಮೆ ಮೆಲ್ಲಗೆ ಮೀಟಿದರೆ ಸಾಕು. ಅಂಗಡಿಯ ಡಿಸಿ ಮೋಟರಿನಲ್ಲಿ ಕಮ್ಯುಟೇಟರು ಕರೆಂಟನ್ನು ಕಡಿಯುವ ಬದಲು ತಿರುಗುಮುರುಗು ಮಾಡುತ್ತದೆ. ಅದು ಶ್ರೀಮಂತರ ವ್ಯವಸ್ಥೆ.

ಆಕ್ಷೇಪ: ನಮ್ಮ ತೋಟದ ಬೋರಿನೊಳಗಿನ ಮೋಟರಿಗೆ ಯಾರು ಕೆರೆದರು? ಉತ್ತರ: ಅದು ಬೇರೆ ದರ್ಶನ. ಅಲ್ಲಿ ತ್ರೀ ಫೇಸ್ ಕರೆಂಟು ಒಂದರ ಹಿಂದೊಂದು ಏರಿಳಿದು ಕಾಂತಕ್ಷೇತ್ರವೇ ನಿಮಿಷಕ್ಕೆ 3,000 ಸಲ ಸುತ್ತುತ್ತದೆ. ರೋಟರಿಗೆ ಹೊರಗಿನ ತಂತಿಯಿಲ್ಲ, ಬ್ರಶ್ಶಿಲ್ಲ. ಆ ಕ್ಷೇತ್ರ ತನ್ನಲ್ಲಿ ಹುಟ್ಟಿಸಿದ ಕರೆಂಟಿನಿಂದಲೇ ರೋಟರು ಅದರ ಸ್ವಲ್ಪ ಹಿಂದೆ ಓಡುತ್ತದೆ. ಎಂದೂ ಸರಿಸಮ ಆಗುವುದಿಲ್ಲ. ಸರಿಸಮ ಆಗಿಬಿಟ್ಟರೆ ಕರೆಂಟು ಹುಟ್ಟುವುದೇ ಇಲ್ಲ. ವೋಲ್ಟೇಜು ಇಳಿದರೂ ನೀರಿನ ಭಾರ ಇಳಿಯದು, ಮೋಟರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ, ಎನಾಮಲ್ ಬೇಯುತ್ತದೆ. ಟೊಮೆಟೊ ಕಾಯಿ ಕಟ್ಟುವ ಹೊತ್ತಿಗೇ ಇದು ಆಗುವುದೇಕೆ ಎಂಬುದು ಚಿಂತಾಮಣಿ ಕಡೆಯ ರೈತರು ಎತ್ತಿದ ಉಪಪ್ರಶ್ನೆ. ಅದಿನ್ನೂ ಸಂಶೋಧನೆಯ ಹಂತದಲ್ಲಿದೆ. ಗೌರಿಬಿದನೂರಿನಲ್ಲಿ ಭೂಮಿಯ ನಡುಕ ಆಲಿಸುವ ಕೇಂದ್ರವಿದೆ, ಸೂರ್ಯನ ರೇಡಿಯೊ ಅಲೆ ಹಿಡಿಯುವ ದೂರದರ್ಶಕವಿದೆ. ನಡುವೆ ಬೋರಿನಲ್ಲಿ ನರಳುವ ಮೋಟರನ್ನು ಆಲಿಸುವ ಯಂತ್ರವೊಂದೇ ಬಾಕಿ.

ಕೆಲವು ಭಾಷ್ಯಕಾರರು ದಿನದಲ್ಲಿ ಕೆಲವೇ ಗಂಟೆ ತ್ರೀ ಫೇಸ್ ಕೊಟ್ಟು ಉಳಿದ ಹೊತ್ತು ಕಡಿಯುವುದನ್ನೂ ಅರ್ಧ ಕೆರೆತ ಸಿದ್ಧಾಂತದ ರಾಜ್ಯಮಟ್ಟದ ಪ್ರಯೋಗವೆಂದು ಸಮರ್ಥಿಸುತ್ತಾರೆ. ಸುರುಳಿಯಂತೆ ಪೈರೂ ಹಳೆಯ ವೇಗದಲ್ಲೇ ಉಳಿದರ್ಧ ದಾಟಬೇಕಂತೆ. ಈ ವ್ಯಾಖ್ಯಾನ ನಮಗೆ ಸಮ್ಮತವಲ್ಲ.

ಪ್ರಯೋಗ ಮಾಡುವವರಲ್ಲಿ ಒಂದು ಮನವಿ: ಆಟ ಮುಗಿದ ಮೇಲೆ ಸುರುಳಿಯನ್ನು ಪಿನ್ನಿನಿಂದ ತೆಗೆದಿಡಿ. ತಿರುಗದೆ ತಾಗಿಕೊಂಡೇ ಇದ್ದರೆ ತಂತಿ ಕಾಯುತ್ತದೆ, ಸೆಲ್ಲು ಬೇಗ ಖಾಲಿಯಾಗುತ್ತದೆ. ಪಂಪ್‌ಸೆಟ್ಟಿನ ಉಚಿತ ವಿದ್ಯುತ್ ಸೌಲಭ್ಯ ಟಾರ್ಚ್ ಸೆಲ್ಲಿಗೆ ಅನ್ವಯಿಸುವುದಿಲ್ಲ.